ಮನೆಯೊಳಗೆ ಆಮೆಗೊಂದು ನೆಲ

(ಬೆಂಗಳೂರಿನ ಸಾಕುಪ್ರಾಣಿ ಆಸಕ್ತರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಸಭೆಯಲ್ಲಿರುವ ಎಲ್ಲರಿಗೂ ನಮಸ್ಕಾರ. ಮನೆಯೊಳಗೆ ನೆಲದ ಆಮೆಯನ್ನು ಸಾಕುವವರು ಅದಕ್ಕೊಂದು ಆವರಣವನ್ನು ಹೇಗೆ ಕಟ್ಟಬೇಕು, ಅದರೊಳಗೆ ಏನೇನನ್ನು ಎಲ್ಲೆಲ್ಲಿ ಇಡಬೇಕು ಎಂಬುದು ಇಂದಿನ ವಿಷಯ. ನೀರಿನಲ್ಲಿ ಬದುಕುವ ಆಮೆಗಳ ಅಗತ್ಯಗಳು ಬೇರೆಯಾದ್ದರಿಂದ ಅವುಗಳ ಪ್ರಸ್ತಾಪವನ್ನು ಇಲ್ಲಿ ಮಾಡುವುದಿಲ್ಲ.

ಮರ, ಮಣ್ಣು, ದೀಪಗಳ ಮಾತಿಗೆ ಮುನ್ನ ಕಾನೂನಿನ ಮಾತು. ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಕುರುಚಲು ಕಾಡುಗಳಲ್ಲಿ ಕಾಣಸಿಗುವ ನಕ್ಷತ್ರ ಆಮೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಅದನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿ ಸಾಕುವುದು ಎಲ್ಲವೂ ಅಪರಾಧ. 2019ರಲ್ಲಿ, ಅಳಿವಿನಂಚಿನ ಜೀವಿಗಳ ದೇಶದೇಶಗಳ ನಡುವಿನ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲನೆಯ ಅನುಬಂಧಕ್ಕೆ ಅದನ್ನು ಸೇರಿಸಿದ ಮೇಲೆ ಅಂತರರಾಷ್ಟ್ರೀಯ ವ್ಯಾಪಾರದ ಬಾಗಿಲೂ ಮುಚ್ಚಿದೆ. ಯಾರಾದರೂ ಅದೃಷ್ಟದ ಹೆಸರು ಹೇಳಿ ನಕ್ಷತ್ರ ಆಮೆಯ ಮರಿಯನ್ನು ತಮ್ಮ ಕೈಗೆ ಕೊಡಲು ಬಂದರೆ, ಅದಕ್ಕೆ ಮನೆ ಕಟ್ಟುವ ಯೋಚನೆಯನ್ನು ಬಿಟ್ಟು ಅರಣ್ಯ ಇಲಾಖೆಗೆ ತಿಳಿಸುವುದೇ ಆ ಪ್ರಾಣಿಗೆ ಮಾಡುವ ಉಪಕಾರ. ಹರ್ಮನ್ ಆಮೆ, ಗ್ರೀಕ್ ಆಮೆ, ಕೆಂಪುಗಾಲಿನ ಆಮೆ, ಸಲ್ಕಾಟಾ ಮುಂತಾದ ಹೊರದೇಶದ ಜಾತಿಗಳನ್ನು ಇಟ್ಟುಕೊಂಡಿರುವವರು 2024ರ ನಿಯಮಗಳ ಪ್ರಕಾರ ಕೇಂದ್ರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿರಬೇಕು. ಇಂದು ನಾನು ಹೇಳುವುದೆಲ್ಲ ಕಾಗದಪತ್ರ ಸರಿಯಿರುವ ಇಂಥ ಆಮೆಗಳನ್ನು ಕುರಿತದ್ದು.

ಆ ಪಟ್ಟಿಯಲ್ಲಿರುವ ಸಲ್ಕಾಟಾವನ್ನು ಮಾತ್ರ ಈ ಚರ್ಚೆಯಿಂದ ಹೊರಗಿಡುತ್ತೇನೆ. ಅಂಗೈಯಲ್ಲಿ ಕೂರುವ ಆ ಮರಿ ಬೆಳೆದು ನಲವತ್ತು ಕಿಲೋ ದಾಟಬಲ್ಲದು, ಬಿಲ ತೋಡುವುದು ಅದರ ಹುಟ್ಟುಗುಣ. ಫ್ಲ್ಯಾಟಿನಲ್ಲಿ ಅದಕ್ಕೆ ತಕ್ಕ ಆವರಣವನ್ನು ಕಟ್ಟಲು ಸಾಧ್ಯವಿಲ್ಲ ಎಂದೇ ನನ್ನ ಖಚಿತ ಅಭಿಪ್ರಾಯ. ಇಪ್ಪತ್ತು ಸೆಂಟಿಮೀಟರಿನ ಆಸುಪಾಸಿಗೆ ನಿಲ್ಲುವ ಹರ್ಮನ್ ಅಥವಾ ಗ್ರೀಕ್ ಆಮೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಅಳತೆಗಳನ್ನು ಹೇಳುತ್ತೇನೆ. ಕೆಂಪುಗಾಲಿನ ಆಮೆಗೆ ಬೇಕಾದ ವ್ಯತ್ಯಾಸಗಳನ್ನು ಅಲ್ಲಲ್ಲಿ ಸೂಚಿಸುತ್ತೇನೆ.

ಆಮೆ ತನ್ನ ಮೈಯ ಬಿಸಿಯನ್ನು ನಮ್ಮ ಹಾಗೆ ಒಳಗಿನಿಂದ ಕಾಯ್ದುಕೊಳ್ಳುವುದಿಲ್ಲ. ಬೆಳಗ್ಗೆ ಬಿಸಿಲಿಗೆ ಬಂದು ಮೈ ಕಾಯಿಸುತ್ತದೆ, ಕಾದ ಮೇಲೆ ಮೇಯುತ್ತದೆ, ಬಿಸಿಲು ಹೆಚ್ಚಾದರೆ ಪೊದೆಯ ಬುಡಕ್ಕೋ ಮಣ್ಣಿನೊಳಕ್ಕೋ ಸರಿಯುತ್ತದೆ. ಅದರ ಜೀರ್ಣಶಕ್ತಿ, ರೋಗನಿರೋಧಕ ಶಕ್ತಿ, ಚಿಪ್ಪಿನ ಬೆಳವಣಿಗೆ ಎಲ್ಲವೂ ಈ ಓಡಾಟವನ್ನೇ ನಂಬಿಕೊಂಡಿವೆ. ಆದ್ದರಿಂದ ಇಡೀ ಪೆಟ್ಟಿಗೆಯನ್ನು ಒಂದೇ ಹದದ ಬಿಸಿಯಲ್ಲಿ, ಒಂದೇ ಹದದ ತೇವದಲ್ಲಿ ಇಡುವವರು, ಆ ಹದ ಎಷ್ಟೇ ಸರಿಯಾಗಿದ್ದರೂ, ಆಮೆಯ ಬದುಕಿನ ಮುಖ್ಯ ಕೆಲಸವನ್ನೇ ಕಿತ್ತುಕೊಂಡಿರುತ್ತಾರೆ. ಬಿಸಿ ಮತ್ತು ತಂಪು, ಬೆಳಕು ಮತ್ತು ನೆರಳು, ಒಣನೆಲ ಮತ್ತು ಹಸಿನೆಲ ಇವುಗಳ ನಡುವೆ ಆಮೆ ತಾನೇ ಆರಿಸಿಕೊಳ್ಳುವಂತೆ ಮಾಡುವುದು ನಮ್ಮ ಕೆಲಸ. ಆವರಣದ ಪ್ರತಿಯೊಂದು ಅಳತೆಯೂ, ಪ್ರತಿಯೊಂದು ವಸ್ತುವೂ ಈ ಆಯ್ಕೆಗೆ ಎಡೆಮಾಡುತ್ತದೆಯೇ ಎಂದು ಕೇಳಿಕೊಂಡೇ ಮುಂದುವರಿಯಬೇಕು.

ಹೀಗಿರುವಾಗ ಮೊದಲು ಬೇಕಾದದ್ದು ನೆಲದ ವಿಸ್ತಾರ. ಎರಡು ಅಡಿಯ ಗಾಜಿನ ತೊಟ್ಟಿಯಲ್ಲಿ ಒಂದು ಕಡೆ ದೀಪ ಹಾಕಿದರೆ ಇನ್ನೊಂದು ಕಡೆಯೂ ಕಾಯುತ್ತದೆ; ಅಲ್ಲಿ ತಂಪಿನ ಮೂಲೆ ಉಳಿಯುವುದೇ ಇಲ್ಲ. ಅಲ್ಲದೆ ಗಾಜಿನಾಚೆ ಕಾಣುವ ಜಾಗ ತನಗೆ ಎಟುಕದ್ದು ಎಂಬುದು ಆಮೆಗೆ ತಿಳಿಯದೆ, ಅದು ದಿನವಿಡೀ ಗಾಜನ್ನು ಗೀರುತ್ತಾ ಅಂಚಿನಲ್ಲೇ ನಡೆಯುತ್ತದೆ. ನಾನು ಶಿಫಾರಸು ಮಾಡುವುದು ಪ್ಲೈವುಡ್ಡಿನ, ಮೇಲ್ಭಾಗ ತೆರೆದ, ಗೋಡೆ ಪಾರದರ್ಶಕವಲ್ಲದ ಆವರಣ. ಮಾರುಕಟ್ಟೆಯಲ್ಲಿ ಪ್ಲೈವುಡ್ ಹಾಳೆ 8 ಅಡಿ ಉದ್ದ, 4 ಅಡಿ ಅಗಲಕ್ಕೆ ಬರುತ್ತದೆ. ಒಂದು ಹಾಳೆಯನ್ನು ಕತ್ತರಿಸದೆ ಹಾಗೆಯೇ ತಳ ಮಾಡಿ. ಎರಡನೆಯ ಹಾಳೆಯನ್ನು ಉದ್ದಕ್ಕೆ ಮೂರು ಪಟ್ಟಿಗಳಾಗಿ ಸೀಳಿಸಿದರೆ ಗರಗಸದ ಸವೆತ ಕಳೆದು ಸುಮಾರು 16 ಇಂಚು ಅಗಲದ ಮೂರು ಪಟ್ಟಿಗಳು ಸಿಗುತ್ತವೆ. ಎರಡು ಪಟ್ಟಿಗಳು ಉದ್ದದ ಗೋಡೆಗಳಾಗುತ್ತವೆ, ಮೂರನೆಯದನ್ನು ಅರ್ಧಕ್ಕೆ ಕತ್ತರಿಸಿದರೆ ಎರಡು ತುದಿಯ ಗೋಡೆಗಳಾಗುತ್ತವೆ. ಗೋಡೆಗಳನ್ನು ತಳದ ಮೇಲೆಯೇ ನಿಲ್ಲಿಸಿ ಕೆಳಗಿನಿಂದಲೂ ಪಕ್ಕದಿಂದಲೂ ಸ್ಕ್ರೂ ಬಿಗಿಯಬೇಕು. ಎರಡೇ ಹಾಳೆಗಳಲ್ಲಿ, ಹೆಚ್ಚು ಚೂರುಪಾರು ಉಳಿಯದಂತೆ, ಕೆಲಸ ಮುಗಿಯುತ್ತದೆ.

ಪ್ಲೈವುಡ್ ಕೊಳ್ಳುವಾಗ ಹಾಳೆಯ ಮೇಲಿನ ಮುದ್ರೆಯನ್ನು ನೋಡಿ. ಐಎಸ್ 710 ಎಂದಿರುವುದು ನೀರಿಗೆ ನಿಲ್ಲುವ ಮರೈನ್ ಪ್ಲೈ. ಅಗ್ಗದ ಸಾಧಾರಣ ಪ್ಲೈ, ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಇವು ಒದ್ದೆ ಮಣ್ಣಿನ ಜೊತೆ ಒಂದು ಮಳೆಗಾಲವನ್ನೂ ಕಳೆಯಲಾರವು. ದಪ್ಪ 18 ಮಿಲಿಮೀಟರ್ ಇರಲಿ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್ ಕಡೆಯ ಅಂಗಡಿಗಳಲ್ಲಿ ಹಾಳೆಯನ್ನು ಕೊಂಡು ಅಲ್ಲಿಯೇ ಯಂತ್ರದಲ್ಲಿ ಸೀಳಿಸಿಕೊಂಡರೆ ಅಂಚುಗಳು ನೇರವಾಗಿರುತ್ತವೆ, ಮನೆಗೆ ಬರುವ ಬಡಗಿಯ ಅರ್ಧ ಕೆಲಸ ಮುಗಿದಂತಾಗುತ್ತದೆ. ಒಳಮೈಗೆ ಮೈಕಾ ಅಂಟಿಸಬಹುದು. ಆದರೆ ಮೂಲೆಗಳಲ್ಲಿ ನೀರು ಇಳಿದೇ ಇಳಿಯುವುದರಿಂದ, ಕೊಳಗಳಿಗೆ ಹಾಸುವ ದಪ್ಪ ಹಾಳೆಯನ್ನು ತುಂಡರಿಸದೆ ತಳಕ್ಕೂ ಗೋಡೆಯ ಕೆಳಭಾಗಕ್ಕೂ ಸೇರಿಸಿ ಹೊದಿಸುವುದು ನನಗೆ ಹೆಚ್ಚು ಸರಿಯೆನಿಸುತ್ತದೆ. ಅದರ ಮೇಲಂಚನ್ನು ಮರದ ಬೀಡಿಂಗ್ ಹೊಡೆದು ಮುಚ್ಚಬೇಕು, ಇಲ್ಲವಾದರೆ ಆಮೆ ಅದನ್ನು ಕಚ್ಚಿ ಕೀಳುತ್ತದೆ. ಅಂಟು, ಸಿಲಿಕಾನ್, ಬಣ್ಣ ಏನು ಬಳಸಿದರೂ ವಾಸನೆ ಪೂರ್ತಿ ಹೋಗುವವರೆಗೆ ಗಾಳಿಯಾಡಲು ಬಿಡಿ. ಗೆದ್ದಲಿನ ಔಷಧಿಯನ್ನು ಈ ಮರಕ್ಕೆ ಬಳಿಸಕೂಡದು.

ಆಮೆ ಹತ್ತುವುದಿಲ್ಲ ಎಂಬ ನಂಬಿಕೆ ನಿಜವಲ್ಲ. ಎರಡು ಗೋಡೆ ಕೂಡುವ ಮೂಲೆಯಲ್ಲಿ ಕಾಲು ಕೊಟ್ಟು ಅದು ಮೇಲೇರುತ್ತದೆ, ಹಿಂದಕ್ಕೆ ಮಗುಚಿದರೆ ದೀಪದ ಕೆಳಗೆ ಅಂಗಾತ ಬಿದ್ದು ಪ್ರಾಣಕ್ಕೇ ಅಪಾಯ. ನಾಲ್ಕು ಮೂಲೆಗಳಿಗೂ ಒಳಮುಖವಾಗಿ ತ್ರಿಕೋನಾಕಾರದ ಮರದ ತುಂಡುಗಳನ್ನು ಮುಚ್ಚಳದಂತೆ ಹೊಡೆಯಬೇಕು, ಮತ್ತು ಮೂಲೆಗಳಲ್ಲಿ ಕಲ್ಲು ಅಥವಾ ಕುಂಡ ಇಡಬಾರದು.

ಈಗ ತೂಕದ ವಿಚಾರ. ಇದನ್ನು ಬಹುಪಾಲು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 8 ಅಡಿಗೆ 4 ಅಡಿ ಎಂದರೆ ಸುಮಾರು ಮೂರು ಚದರ ಮೀಟರ್. ಅದರಲ್ಲಿ 10 ಸೆಂಟಿಮೀಟರ್ ಆಳಕ್ಕೆ ಬರಿಯ ಹಸಿಮಣ್ಣು ತುಂಬಿದರೆ ನಾನೂರು ಕಿಲೋ ಮೀರುತ್ತದೆ. ಅರ್ಧದಷ್ಟು ಕೋಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಬೆರೆಸಿದರೆ ಸುಮಾರು ಮುನ್ನೂರು ಕಿಲೋಗೆ ಇಳಿಯುತ್ತದೆ, ಅಂದರೆ ಚದರ ಮೀಟರಿಗೆ ನೂರು ಕಿಲೋ. ವಾಸದ ಕೋಣೆಗಳ ನೆಲವನ್ನು ಐಎಸ್ 875 ಮಾನಕದಂತೆ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸರಿಸುಮಾರು 200 ಕಿಲೋ ಭಾರ ತಾಳುವಂತೆ ವಿನ್ಯಾಸ ಮಾಡಿರುತ್ತಾರೆ. ಹಾಗಾಗಿ ಹೊಸ ಅಪಾರ್ಟ್‌ಮೆಂಟಿನ ಕೋಣೆಯಲ್ಲಿ ಭಾರವನ್ನು ಹರಡಿ ಇಟ್ಟರೆ ತೊಂದರೆಯಿಲ್ಲ. ಆದರೆ ನಾಲ್ಕು ಕಾಲಿನ ಮೇಜಿನ ಮೇಲೆ ಇಷ್ಟು ತೂಕವನ್ನು ಏರಿಸುವುದು ಬೇಡ. ಬಸವನಗುಡಿ, ಮಲ್ಲೇಶ್ವರದ ಹಳೆಯ ಮದ್ರಾಸ್ ತಾರಸಿಯ (ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ) ಮನೆಗಳಲ್ಲಿ ಇರುವವರು ಮಹಡಿಯ ಮೇಲೆ ಇದನ್ನು ಇಡಲೇಬಾರದು, ನೆಲಮಹಡಿಯೇ ಸರಿ. ತಳದ ಕೆಳಗೆ ಒಂದೂವರೆ ಅಡಿಗೊಂದರಂತೆ ಎರಡು ಇಂಚಿನ ಮರದ ರೀಪುಗಳನ್ನು ಅಡ್ಡಲಾಗಿ ಕೊಟ್ಟರೆ ಭಾರ ಹರಡುತ್ತದೆ, ಕೆಳಗೆ ಗಾಳಿಯಾಡಿ ಪ್ಲೈವುಡ್ ಒಣಗಿರುತ್ತದೆ. ರೀಪುಗಳ ನಡುವೆ ಥರ್ಮೋಕೋಲ್ ಹಾಳೆ ಸೇರಿಸಿದರೆ ಡಿಸೆಂಬರಿನ ರಾತ್ರಿಗಳಲ್ಲಿ ಗ್ರಾನೈಟ್ ನೆಲದ ತಂಪು ಮೇಲೇರುವುದಿಲ್ಲ.

ಮಣ್ಣಿನ ಬಗ್ಗೆ ನಾನು ಸ್ವಲ್ಪ ಹೆಚ್ಚು ಹೊತ್ತು ಮಾತಾಡುತ್ತೇನೆ. ಆವರಣದ ಜೀವ ಇರುವುದು ಮಣ್ಣಿನಲ್ಲಿ. ಎಷ್ಟೋ ಮನೆಗಳಲ್ಲಿ ಆಮೆಯನ್ನು ಬರಿಯ ಟೈಲ್ಸ್ ಮೇಲೆ ಅಥವಾ ಹಳೆಯ ಪತ್ರಿಕೆಯ ಮೇಲೆ ಬಿಟ್ಟಿರುತ್ತಾರೆ. ಜಾರುವ ನೆಲದಲ್ಲಿ ಕಾಲುಗಳು ಹೊರಕ್ಕೆ ಸರಿಯುತ್ತವೆ, ಉಗುರು ಸವೆಯದೆ ಬೆಳೆಯುತ್ತದೆ, ತೋಡಿ ಅಡಗಲು ಏನೂ ಇರುವುದಿಲ್ಲ. ಇನ್ನೊಂದು ತೊಂದರೆ ಕಣ್ಣಿಗೆ ನಿಧಾನವಾಗಿ ಕಾಣಿಸುವಂಥದು: ಒಣಗಾಳಿಯಲ್ಲಿ ಬೆಳೆಯುವ ಮರಿಯ ಬೆನ್ನಿನ ಚಿಪ್ಪಿನ ಫಲಕಗಳು ಸಮತಟ್ಟಾಗಿ ಹರಡದೆ ಒಂದೊಂದೂ ದಿಬ್ಬವಾಗಿ ಏಳುತ್ತವೆ. ಹೆಚ್ಚು ಪ್ರೋಟೀನಿನಿಂದ ಹೀಗಾಗುತ್ತದೆ ಎಂದು ಬಹುಕಾಲ ನಂಬಿದ್ದರು. 2003ರಲ್ಲಿ ವೀಸ್ನರ್ ಮತ್ತು ಈಬೆನ್ ಎಂಬ ಸಂಶೋಧಕರು ಸಲ್ಕಾಟಾ ಮರಿಗಳ ಮೇಲೆ ನಡೆಸಿದ ಅಧ್ಯಯನವನ್ನು ಪ್ರಕಟಿಸಿ, ದಿಬ್ಬಗಳು ಏಳುವುದಕ್ಕೂ ಗಾಳಿಯ ಒಣತನಕ್ಕೂ ಇರುವ ಸಂಬಂಧ ದೊಡ್ಡದು, ಪ್ರೋಟೀನಿನ ಪಾಲು ಚಿಕ್ಕದು ಎಂದು ತೋರಿಸಿದರು. ಫೆಬ್ರವರಿ, ಮಾರ್ಚ್ ತಿಂಗಳ ಮಧ್ಯಾಹ್ನಗಳಲ್ಲಿ ಬೆಂಗಳೂರಿನ ಗಾಳಿಯ ತೇವಾಂಶ ಶೇಕಡ 30ರ ಆಸುಪಾಸಿಗೆ ಇಳಿಯುತ್ತದೆ. ಅದರ ಮೇಲೆ ದೀಪದ ಬಿಸಿಯೂ ಸೇರುತ್ತದೆ. ಆಗ ಮರಿಯನ್ನು ಕಾಪಾಡುವುದು ಅದರ ಕಾಲಕೆಳಗಿನ ಹಸಿಮಣ್ಣು, ಅದರ ಅಡಗುತಾಣದ ತೇವ.

ನಮ್ಮೂರಿನ ಕೆಮ್ಮಣ್ಣು ಒಳ್ಳೆಯ ಆಧಾರ, ಆದರೆ ಅದೊಂದನ್ನೇ ಹಾಕಿದರೆ ಒಣಗಿ ಗಟ್ಟಿಯಾಗುತ್ತದೆ. ಗೊಬ್ಬರ, ಔಷಧಿ ಬೆರೆಸದ ಕೆಮ್ಮಣ್ಣನ್ನು ಜರಡಿ ಹಿಡಿದು, ಅದಕ್ಕೆ ಸರಿಸಮವಾಗಿ ತೊಳೆದ ಕೋಕೊಪೀಟ್ ಬೆರೆಸಿ. ಕೋಕೊಪೀಟ್ ಇಟ್ಟಿಗೆಗಳಲ್ಲಿ ಉಪ್ಪಿನಂಶ ಇರುವುದುಂಟು, ಆದ್ದರಿಂದ ಎರಡು ಮೂರು ನೀರು ಬದಲಿಸಿ ಹಿಂಡಬೇಕು. ನರ್ಸರಿಯವರು ಎರೆಗೊಬ್ಬರ, ಬೇವಿನ ಹಿಂಡಿ ಸೇರಿಸಿ ಮಾರುವ ಕುಂಡದ ಮಣ್ಣು ಇಲ್ಲಿಗೆ ಒಗ್ಗದು. ಎಂ ಸ್ಯಾಂಡ್ ಅಂತೂ ಬೇಡವೇ ಬೇಡ. ಕಲ್ಲು ಒಡೆದು ಮಾಡಿದ ಆ ಮರಳಿನ ಮೊನಚು ಅಂಚುಗಳು ಕಣ್ಣಿಗೂ ಕರುಳಿಗೂ ಅಪಾಯ. ಮಿಶ್ರಣವನ್ನು ಮುಷ್ಟಿಯಲ್ಲಿ ಅದುಮಿದಾಗ ಉಂಡೆ ನಿಲ್ಲಬೇಕು, ನೀರು ಜಿನುಗಬಾರದು, ಬೆರಳಿನಿಂದ ತಟ್ಟಿದರೆ ಉದುರಬೇಕು. ತಂಪಿನ ತುದಿಯಲ್ಲಿ 15 ಸೆಂಟಿಮೀಟರ್, ದೀಪದ ತುದಿಯಲ್ಲಿ 6 ಅಥವಾ 7 ಸೆಂಟಿಮೀಟರ್ ಇರುವಂತೆ ಇಳಿಜಾರಾಗಿ ಹರಡಿ.

ನೀರು ಕೊಡುವ ವಿಧಾನಕ್ಕೂ ಒಂದು ಕ್ರಮವಿದೆ. ಮೇಲಿಂದ ಸಿಂಪಡಿಸಿದರೆ ಮೇಲ್ಪದರ ಮಾತ್ರ ಒದ್ದೆಯಾಗುತ್ತದೆ. ಸದಾ ಒದ್ದೆಯಲ್ಲಿ ಕೂತ ಆಮೆಗೆ ಹೊಟ್ಟೆಯ ಚಿಪ್ಪು ಕೊಳೆಯುವ ರೋಗ ಬರುತ್ತದೆ. ತಂಪಿನ ತುದಿಯ ಎರಡು ಮೂಲೆಗಳಲ್ಲಿ ನಿಧಾನವಾಗಿ ನೀರು ಹೊಯ್ದರೆ ಅದು ತಳಕ್ಕಿಳಿದು ಅಲ್ಲಿಂದ ಹರಡುತ್ತದೆ, ಮೇಲ್ಪದರ ಒಣಗಿರುತ್ತದೆ. ಆಮೆ ಮೇಲೆ ನಡೆದರೆ ಒಣನೆಲ, ತೋಡಿ ಇಳಿದರೆ ಹಸಿನೆಲ. ಔಷಧಿ ಸಿಂಪಡಿಸದ ತೋಟದ ಒಣಗಿದ ಎಲೆಗಳನ್ನು ಒಂದು ಪದರ ಹಾಸಿದರೆ ತೇವ ಬೇಗ ಆರುವುದಿಲ್ಲ. ಕೆಂಪುಗಾಲಿನ ಆಮೆಗೆ ಶೇಕಡ 70ಕ್ಕೂ ಹೆಚ್ಚಿನ ತೇವಾಂಶ ಬೇಕಾದ್ದರಿಂದ ಆವರಣದ ಬಹುಭಾಗಕ್ಕೆ ಮುಚ್ಚಳ ಬೇಕಾಗುತ್ತದೆ. ಹರ್ಮನ್, ಗ್ರೀಕ್ ಜಾತಿಗಳಿಗೆ ತಂಪಿನ ತುದಿಯ ಮೂರನೆಯ ಒಂದು ಭಾಗಕ್ಕೆ ಮುಚ್ಚಳವಿದ್ದರೆ ಸಾಕು.

ಇನ್ನು ಬೆಳಕು ಮತ್ತು ಶಾಖ. ಬಿಸಿಲಿನಲ್ಲಿರುವ ಯುವಿ-ಬಿ ಕಿರಣ ಆಮೆಯ ಚರ್ಮದಲ್ಲಿ ವಿಟಮಿನ್ ಡಿ3 ಆಗುವ ಕ್ರಿಯೆಯನ್ನು ಆರಂಭಿಸುತ್ತದೆ. ಆ ಕ್ರಿಯೆ ಪೂರ್ತಿಯಾಗಲು ಮೈ ಬೆಚ್ಚಗಿರಬೇಕು. ಡಿ3 ಇಲ್ಲದಿದ್ದರೆ ಎಷ್ಟು ಕ್ಯಾಲ್ಸಿಯಂ ತಿನ್ನಿಸಿದರೂ ಮೈಗೆ ಹತ್ತುವುದಿಲ್ಲ, ಮೂಳೆಯೂ ಚಿಪ್ಪೂ ಮೆತ್ತಗಾಗುತ್ತವೆ. ಆದ್ದರಿಂದ ಯುವಿ-ಬಿ ದೀಪವೂ ಶಾಖದ ದೀಪವೂ ಒಂದೇ ಜಾಗದ ಮೇಲೆ, ಅಕ್ಕಪಕ್ಕದಲ್ಲಿ, ನೇರ ಮೇಲಿನಿಂದ ಬೀಳಬೇಕು. ಪಕ್ಕದಿಂದ ಬೀಳುವ ಯುವಿ ಕಣ್ಣಿಗೆ ಹಾನಿ ಮಾಡುತ್ತದೆ. ಕಿಟಕಿಯ ಪಕ್ಕದಲ್ಲಿ ಇಟ್ಟಿದ್ದೇವೆ, ಬಿಸಿಲು ಬೀಳುತ್ತದೆ ಎನ್ನುವವರು ಒಂದನ್ನು ಗಮನಿಸಬೇಕು: ಕಿಟಕಿಯ ಗಾಜು ಶಾಖವನ್ನು ಒಳಗೆ ಬಿಡುತ್ತದೆ, ಯುವಿ-ಬಿಯನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ.

ಸರೀಸೃಪಗಳಿಗೆಂದೇ ತಯಾರಾಗುವ ಟಿ5 ಕೊಳವೆ ದೀಪ, ಹಿಂದೆ ಹೊಳಪಿನ ರಿಫ್ಲೆಕ್ಟರ್ ಇರುವಂಥದು, ಉತ್ತಮ ಆಯ್ಕೆ. ಚಿಕ್ಕ ಸುರುಳಿ ಬಲ್ಬುಗಳ ಬೆಳಕು ತೀರ ಇಕ್ಕಟ್ಟಾದ ಜಾಗಕ್ಕೆ ಬೀಳುತ್ತದೆ. ಯುವಿ-ಬಿ ಶೇಕಡ 10 ಅಥವಾ 12 ಎಂದು ನಮೂದಾಗಿರುವ ಕೊಳವೆಯನ್ನು ಚಿಪ್ಪಿನಿಂದ 35ರಿಂದ 45 ಸೆಂಟಿಮೀಟರ್ ಎತ್ತರದಲ್ಲಿ, ನಡುವೆ ಜಾಲರಿ ಇಲ್ಲದಂತೆ ತೂಗುಹಾಕಿ. ಆಮೆ ಕೂರುವ ಎತ್ತರದಲ್ಲಿ ಯುವಿ ಸೂಚ್ಯಂಕ 3ರಿಂದ 4ರ ಹತ್ತಿರ ಇರಬೇಕು. ದೀಪ ಉರಿಯುತ್ತಿದ್ದರೂ ಯುವಿ-ಬಿ ಕುಗ್ಗುತ್ತಾ ಬರುವುದರಿಂದ, ಅಳೆಯುವ ಮೀಟರ್ ಇಲ್ಲದವರು ವರ್ಷಕ್ಕೊಮ್ಮೆ ಕೊಳವೆಯನ್ನು ಬದಲಿಸಬೇಕು. ಶಾಖಕ್ಕೆ ಅಗಲವಾಗಿ ಬೆಳಕು ಹರಡುವ ಹ್ಯಾಲೊಜೆನ್ ಫ್ಲಡ್ ಬಲ್ಬ್ ಹಾಕಿ. ಕಿರಿದಾದ ಸ್ಪಾಟ್ ಬಲ್ಬ್ ಚಿಪ್ಪಿನ ನೆತ್ತಿಯನ್ನಷ್ಟೇ ಸುಟ್ಟು ಒಣಗಿಸುತ್ತದೆ. ಬಲ್ಬಿನ ಕೆಳಗೆ ಚಿಪ್ಪಿನ ಎತ್ತರದಲ್ಲಿ 32ರಿಂದ 35 ಡಿಗ್ರಿ, ತಂಪಿನ ತುದಿಯಲ್ಲಿ 22ರಿಂದ 25 ಡಿಗ್ರಿ ಇರಬೇಕು. ಗೋಡೆಗೆ ಅಂಟಿಸುವ ಥರ್ಮಾಮೀಟರ್ ಗೋಡೆಯ ಬಿಸಿಯನ್ನು ಹೇಳುತ್ತದೆಯೇ ಹೊರತು ಆಮೆ ಇರುವ ಜಾಗದ್ದನ್ನಲ್ಲ. ತಂತಿಯ ತುದಿಯಲ್ಲಿ ಸಂವೇದಕವಿರುವ ಎರಡು ಡಿಜಿಟಲ್ ಥರ್ಮಾಮೀಟರ್ ಇಡಿ. ಎಸ್‌.ಪಿ. ರಸ್ತೆಯಲ್ಲಿ ಅವೂ, ಥರ್ಮೋಸ್ಟಾಟ್, ಟೈಮರುಗಳೂ ಸಿಗುತ್ತವೆ. ದಿನಕ್ಕೆ ಹನ್ನೆರಡು ಗಂಟೆ ಬೆಳಕು, ಉಳಿದದ್ದು ಪೂರ್ಣ ಕತ್ತಲೆ. ಕೆಂಪು, ನೀಲಿ ರಾತ್ರಿದೀಪಗಳು ಬೇಡ.

ಮಣ್ಣಿನ ಕೆಳಗೆ ಹೀಟಿಂಗ್ ಪ್ಯಾಡ್ ಇಡುವುದನ್ನು ನಾನು ಕಟ್ಟುನಿಟ್ಟಾಗಿ ವಿರೋಧಿಸುತ್ತೇನೆ. ನೆಲ ತೋಡಿದರೆ ತಂಪು ಸಿಗುತ್ತದೆ ಎಂಬುದು ಆಮೆಯ ರಕ್ತದಲ್ಲಿ ಬಂದ ಅರಿವು. ಬಿಸಿ ತಾಳದೆ ತೋಡಿ ಇಳಿದ ಪ್ರಾಣಿ ಇನ್ನಷ್ಟು ಬಿಸಿಯ ಮೇಲೆ ಕೂತರೆ ಅದರ ಹೊಟ್ಟೆಯ ಚಿಪ್ಪು ಬೇಯುತ್ತದೆ.

ದೀಪಗಳ ಸುರಕ್ಷೆಯಲ್ಲಿ ರಾಜಿ ಬೇಡ. ಹೋಲ್ಡರ್ ಪಿಂಗಾಣಿಯದಾಗಿರಲಿ, ಮೇಲಿನಿಂದ ಸರಪಣಿಯಲ್ಲಿ ತೂಗುಹಾಕಿ, ಸರಪಣಿ ಕಳಚಿದರೂ ಬೀಳದಂತೆ ಇನ್ನೊಂದು ತಂತಿಯನ್ನೂ ಬಿಗಿಯಿರಿ. ಕೆಳಗೆ ಒಣ ಎಲೆ, ಮರ ಇವೆ ಎಂಬುದು ನೆನಪಿರಲಿ. ಆ ವಿದ್ಯುತ್ ಸಾಲಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನಾಗಿ ಸಂಪರ್ಕ ಕಡಿಯುವ ಸ್ವಿಚ್) ಇದೆಯೇ ಎಂದು ಎಲೆಕ್ಟ್ರಿಷಿಯನ್ ಅವರಿಂದ ನೋಡಿಸಿ.

ಒಳಗಿನ ಸಜ್ಜಿಕೆಗೆ ದುಬಾರಿ ವಸ್ತುಗಳ ಅಗತ್ಯವಿಲ್ಲ. ದೀಪದ ಕೆಳಗೆ ಅಂಚು ಉಜ್ಜಿದ ಕಡಪ ಕಲ್ಲು ಹಾಕಿದರೆ ಅದು ಶಾಖ ಹಿಡಿದಿಟ್ಟುಕೊಳ್ಳುತ್ತದೆ, ಉಗುರನ್ನೂ ಸವೆಸುತ್ತದೆ. ಪಕ್ಕದಲ್ಲಿಯೇ ಒಂದು ಚಪ್ಪಟೆ ಹೆಂಚು ಊಟದ ತಟ್ಟೆಯಾಗಲಿ, ಅದರಲ್ಲಿ ಕ್ಯಾಲ್ಸಿಯಂ ಕೊಡುವ ಕಟಲ್‌ಬೋನ್ (ಕಟಲ್‌ಫಿಶ್ ಎಂಬ ಕಡಲಜೀವಿಯ ಒಳಚಿಪ್ಪು) ತುಂಡೊಂದು ಸದಾ ಇರಲಿ. ಅಡಗುತಾಣ ಎರಡು ಬೇಕು, ಒಂದು ಬಿಸಿಯ ಕಡೆ, ಒಂದು ತಂಪಿನ ಕಡೆ. ಒಂದೇ ಇದ್ದರೆ ಭಯವಾದಾಗ ಆಮೆ ತನಗೆ ಬೇಕಾದ ಉಷ್ಣವನ್ನು ಬಿಟ್ಟುಕೊಡಬೇಕಾಗುತ್ತದೆ. ಉದ್ದಕ್ಕೆ ಸೀಳಿದ ಮಣ್ಣಿನ ಮಡಕೆ, ಮಾಡಿನ ನೆತ್ತಿಗೆ ಹೊದಿಸುವ ಬಾಗಿದ ಹೆಂಚು, ಮರದ ಕಮಾನು ಯಾವುದಾದರೂ ಆದೀತು. ಎತ್ತರ ಚಿಪ್ಪಿಗಿಂತ ಸ್ವಲ್ಪವೇ ಹೆಚ್ಚಿರಲಿ, ಬೆನ್ನಿಗೆ ಏನಾದರೂ ತಾಗಿದರೆ ಅದಕ್ಕೆ ನೆಮ್ಮದಿ. ತಂಪಿನ ಕಡೆಯ ತಾಣದೊಳಗೆ ಒದ್ದೆ ಪಾಚಿ ತುಂಬಿ.

ನೀರಿಗೆ ಪಾಟರಿ ಟೌನ್‌ನ ಕುಂಬಾರರಲ್ಲಿ ಸಿಗುವ ಹೂಕುಂಡದ ಅಗಲ ತಟ್ಟೆ ಚೆನ್ನಾಗಿರುತ್ತದೆ. ಅದರ ಅಂಚು ಮಣ್ಣಿನ ಮಟ್ಟಕ್ಕೆ ಬರುವಂತೆ ಹೂಳಿ. ಆಮೆ ಪೂರ್ತಿ ಇಳಿದು ಕೂರುವಷ್ಟು ಅಗಲವಿರಬೇಕು, ನೀರು ಗಲ್ಲದ ಮಟ್ಟ ದಾಟಬಾರದು. ಅದರಲ್ಲೇ ಮಲವಿಸರ್ಜನೆ ಮಾಡುವ ಅಭ್ಯಾಸ ಇರುವುದರಿಂದ ದಿನವೂ ತೊಳೆದು ಬದಲಿಸಬೇಕು. ಆಮೆಗಳ ಮಲದಲ್ಲಿ ಮನುಷ್ಯರಿಗೂ ರೋಗ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದಾದ್ದರಿಂದ ಆ ತಟ್ಟೆಯನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಕೂಡದು, ಪುಟ್ಟ ಮಕ್ಕಳು ಮುಟ್ಟಿದರೆ ಸೋಪಿನಿಂದ ಕೈ ತೊಳೆಸಬೇಕು.

ಗಿಡಗಳು ಅಂದಕ್ಕಷ್ಟೇ ಅಲ್ಲ, ಕಣ್ಣಿಗೆ ಮರೆ ಒಡ್ಡುವುದಕ್ಕೂ ಬೇಕು. ಒಂದು ತುದಿಯಿಂದ ಇನ್ನೊಂದು ತುದಿ ನೇರ ಕಾಣುವ ಬಯಲಿನಲ್ಲಿ ಆಮೆ ಅಳುಕುತ್ತದೆ; ನಡುವೆ ಪೊದೆ, ಕಟ್ಟಿಗೆ ಇದ್ದರೆ ಸುತ್ತಿ ಬಳಸಿ ಹೆಚ್ಚು ನಡೆಯುತ್ತದೆ. ದಾಸವಾಳ, ಗರಿಕೆ, ಸ್ಪೈಡರ್ ಪ್ಲಾಂಟ್ ಇವನ್ನು ಕುಂಡಸಮೇತ ಹೂತಿಟ್ಟರೆ ತಿಂದು ಬೋಳಾದಾಗ ಬಾಲ್ಕನಿಗೆ ತೆಗೆದು ಬೇರೆಯದನ್ನು ಇಡಬಹುದು. ಕಣಗಿಲೆ, ಕಾಶಿಕಣಗಿಲೆ, ಲಂಟಾನ, ಮನಿ ಪ್ಲಾಂಟ್, ಡಿಫೆನ್‌ಬಾಕಿಯಾ ಇವು ಹತ್ತಿರಕ್ಕೂ ಬರಬಾರದು.

ಬೆಂಗಳೂರಿನ ಹವೆ ಈ ಕೆಲಸಕ್ಕೆ ಬಹುಮಟ್ಟಿಗೆ ಅನುಕೂಲವಾಗಿದೆ. ಚಳಿಗಾಲದಲ್ಲಿ ಹೊರಗೆ 15 ಡಿಗ್ರಿ ಇದ್ದಾಗಲೂ ಮುಚ್ಚಿದ ಕೋಣೆ ಅಷ್ಟು ತಣ್ಣಗಾಗುವುದಿಲ್ಲ, ಆರೋಗ್ಯವಾಗಿರುವ ಬೆಳೆದ ಹರ್ಮನ್ ಅಥವಾ ಗ್ರೀಕ್ ಆಮೆಗೆ ರಾತ್ರಿ ಶಾಖ ಬೇಕಾಗುವುದು ಅಪರೂಪ; ಕೆಂಪುಗಾಲಿನದಕ್ಕೂ ಚಿಕ್ಕ ಮರಿಗಳಿಗೂ ಬೆಳಕು ಕೊಡದ ಸೆರಾಮಿಕ್ ಹೀಟರನ್ನು ಥರ್ಮೋಸ್ಟಾಟಿಗೆ ಜೋಡಿಸಿ ಇಡಿ. ನಮಗೆ ಹೆಚ್ಚು ಕಷ್ಟ ಕೊಡುವುದು ಏಪ್ರಿಲ್. ಕೋಣೆಯೇ 33 ಡಿಗ್ರಿಗೆ ಏರಿದಾಗ ಶಾಖದ ಬಲ್ಬಿನ ವ್ಯಾಟ್ ಇಳಿಸಬೇಕು ಅಥವಾ ಮಧ್ಯಾಹ್ನ ಆರಿಸಬೇಕು, ಯುವಿ-ಬಿ ಕೊಳವೆ ಉರಿಯುತ್ತಿರಲಿ, ತಂಪಿನ ತುದಿಗೆ ನೀರು ಹೆಚ್ಚಿಸಿ. ವಿದ್ಯುತ್ ಹೋದಾಗ ಇನ್ವರ್ಟರಿನಲ್ಲಿ ಕೊಳವೆ ದೀಪ ಉರಿದರೆ ಸಾಕು. ಒಂದೆರಡು ಗಂಟೆ ಶಾಖ ತಪ್ಪಿದರೆ ಆಮೆಗೆ ಏನೂ ಆಗುವುದಿಲ್ಲ. ಇರುವೆಗಳಿಗೆ ಹೆದರಿ ಇರುವೆ ಸೀಮೆಸುಣ್ಣವನ್ನು ಆವರಣದ ಸುತ್ತ ಎಳೆಯಬೇಡಿ, ಅದು ಕೀಟನಾಶಕ. ಉಳಿದ ಸೊಪ್ಪನ್ನು ಸಂಜೆಯೇ ತೆಗೆದರೆ ಇರುವೆ ಬರುವುದು ತಾನಾಗಿ ಕಡಿಮೆಯಾಗುತ್ತದೆ.

ಉಪನ್ಯಾಸದ ಕೊನೆಯಲ್ಲಿ ಸಭಿಕರೊಬ್ಬರು, ಇಷ್ಟೆಲ್ಲ ಕಟ್ಟಿದ ಮೇಲೆ ಎರಡು ಆಮೆ ಇಟ್ಟರೆ ಜೊತೆಯಾಗುವುದಿಲ್ಲವೇ ಎಂದು ಕೇಳಿದರು. ಆಮೆಗಳಿಗೆ ಜೊತೆಯ ಹಂಬಲವಿಲ್ಲ. ಇಬ್ಬರಲ್ಲಿ ಬಲಶಾಲಿಯಾದದ್ದು ದೀಪದ ಕೆಳಗಿನ ಕಲ್ಲನ್ನೂ ಊಟದ ಹೆಂಚನ್ನೂ ಹಿಡಿದುಕೊಳ್ಳುತ್ತದೆ, ಇನ್ನೊಂದು ತಣ್ಣಗಿನ ಮೂಲೆಯಲ್ಲಿ ಸೊರಗುತ್ತದೆ; ಎಂಟು ಅಡಿಯ ಆವರಣ ಒಂದೇ ಆಮೆಗೆ.

ಇನ್ನೊಬ್ಬರು, ಕಟ್ಟಿ ಮುಗಿಸಿದ ದಿನವೇ ಆಮೆಯನ್ನು ಬಿಡಬಹುದೇ ಎಂದು ಕೇಳಿದರು. ಬೇಡ. ಎರಡು ವಾರ ಖಾಲಿ ಆವರಣದಲ್ಲಿ ದೀಪಗಳನ್ನು ಹೊತ್ತುಹೊತ್ತಿಗೆ ಉರಿಸಿ, ಎರಡೂ ತುದಿಗಳ ಕನಿಷ್ಠ ಹಾಗೂ ಗರಿಷ್ಠ ಉಷ್ಣತೆಯನ್ನು ದಿನವೂ ಬರೆದಿಟ್ಟು, ಮಣ್ಣಿನ ತೇವ ಎಷ್ಟು ದಿನಕ್ಕೆ ಆರುತ್ತದೆಂದು ನೋಡಿ ಸರಿಪಡಿಸಿಕೊಳ್ಳಿ. ಆಮೆ ಬಂದ ಮೇಲೆ ಅದು ಎಲ್ಲಿ ಹೊತ್ತು ಕಳೆಯುತ್ತದೆ ಎಂಬುದನ್ನು ಗಮನಿಸಿ. ಬೆಳಗ್ಗೆ ದೀಪದ ಕೆಳಗೆ ಬಂದು, ಆಮೇಲೆ ಮೇದು, ಮಧ್ಯಾಹ್ನ ನೆರಳಿಗೆ ಸರಿದರೆ ಎಲ್ಲವೂ ಸರಿಯಿದೆ. ಇಡೀ ದಿನ ದೀಪವನ್ನು ಬಿಟ್ಟು ಏಳದಿದ್ದರೆ ಉಳಿದ ಜಾಗ ತೀರ ತಣ್ಣಗಿದೆ. ದೀಪದ ಹತ್ತಿರ ಸುಳಿಯದಿದ್ದರೆ ಅಲ್ಲಿ ಬಿಸಿ ಹೆಚ್ಚಾಗಿದೆ ಅಥವಾ ಮರೆ ಸಾಲದಾಗಿದೆ. ಬಲ್ಬನ್ನು ಎರಡು ಇಂಚು ಏರಿಸಿ ಅಥವಾ ಇಳಿಸಿ, ಮೂರು ನಾಲ್ಕು ದಿನ ನೋಡಿ, ಆಮೇಲೆ ಮುಂದಿನ ಬದಲಾವಣೆ ಮಾಡಿ. ಉಷ್ಣತೆಗಳು ಸರಿಯಿದ್ದೂ ಆಮೆ ತಿನ್ನುವುದನ್ನು ಬಿಟ್ಟರೆ, ಮೂಗಿನಲ್ಲಿ ಗುಳ್ಳೆ ಕಂಡರೆ, ಆವರಣವನ್ನು ತಿದ್ದುತ್ತಾ ಕೂರದೆ ಸರೀಸೃಪಗಳನ್ನು ನೋಡುವ ಪಶುವೈದ್ಯರ ಬಳಿಗೆ ಅಂದೇ ಕರೆದೊಯ್ಯಿರಿ. ಹೋಗುವಾಗ ಬರೆದಿಟ್ಟ ಆ ಉಷ್ಣತೆಯ ಪಟ್ಟಿಯೂ ಜೊತೆಯಲ್ಲಿರಲಿ, ವೈದ್ಯರು ಮೊದಲು ಕೇಳುವುದು ಅದನ್ನೇ.